ಗೈರು, ವಿನಾಯಿತಿ, ಅಪೂರ್ಣ: ಆನ್‌ಲೈನ್ ಗ್ರೇಡ್‌ಬುಕ್ಕಿನಲ್ಲಿ ಅಂಕವಲ್ಲದ ಗುರುತುಗಳನ್ನು ನಿಭಾಯಿಸುವುದು ಹೇಗೆ

ಜುಲೈ ತಿಂಗಳ ಜಡಿಮಳೆಗೆ ಮುಂಬಯಿಯ ಸಯನ್–ಕುರ್ಲಾ ನಡುವೆ ಹಳಿ ಮುಳುಗಿ ಲೋಕಲ್ ನಿಂತಿತೆಂದರೆ, ಸಂಜೆ ಏಳರ ಆನ್‌ಲೈನ್ ಕ್ವಿಜ್‌ಗೆ ಡೊಂಬಿವಲಿ, ಕಲ್ಯಾಣ ಕಡೆಯ ನಾಲ್ಕೈದು ಮಂದಿ ಸಿಗುವುದಿಲ್ಲ. ಮನೆಯಲ್ಲೇ ಕೂತು ಬರೆಯಬಹುದಾದ ಕ್ವಿಜ್ ನಿಜ, ಆದರೆ ಅವರು ಮನೆ ಮುಟ್ಟಿರುವುದೇ ಇಲ್ಲ. ಮರುದಿನ ಗ್ರೇಡ್‌ಬುಕ್ ತೆರೆದರೆ ಅಷ್ಟೂ ಖಾನೆ ಖಾಲಿ. ಒಬ್ಬ ಶಿಕ್ಷಕರು ಅಲ್ಲಿ ಸೊನ್ನೆ ಹಾಕುತ್ತಾರೆ. ಇನ್ನೊಬ್ಬರು ‘ಆಮೇಲೆ ನೋಡೋಣ’ ಎಂದು ಹಾಗೇ ಬಿಡುತ್ತಾರೆ. ಮತ್ತೊಬ್ಬರು ಎಕ್ಸೆಲ್‌ನಲ್ಲಿ ‘ಎಬಿ’ (ಆಬ್ಸೆಂಟ್) ಎಂದು ಬರೆದು ಅಪ್‌ಲೋಡ್ ಮಾಡಹೋಗಿ ಎರರ್ ನೋಡಿ ಕೈಬಿಡುತ್ತಾರೆ. ಮೂವರ ಮನಸ್ಸಿನಲ್ಲಿರುವುದೂ ಒಂದೇ ಇರಬಹುದು; ಕೊನೆಗೆ ಬರುವ ಒಟ್ಟು ಮಾತ್ರ ಒಂದೇ ಆಗಿರುವುದಿಲ್ಲ.

ಕಾಲೇಜಿನ ಕೋರ್ಸ್ ನಡೆಸುವವರಿಗೂ, ಸಂಘಗಳ ವತಿಯಿಂದ ವಾರಾಂತ್ಯದ ಕನ್ನಡ ಸರ್ಟಿಫಿಕೇಟ್ ತರಗತಿ ನಡೆಸುವವರಿಗೂ ಅನುಕೂಲವಾಗುವಂತೆ ಈ ಮಾರ್ಗದರ್ಶಿಯನ್ನು ಆನ್‌ಲೈನ್ ಕೋರ್ಸ್ ನಡೆಸುವ ಸಾಫ್ಟ್‌ವೇರ್ ಆದ ಮೂಡಲ್ ಆಧಾರದಲ್ಲಿ ಬರೆದಿದೆ. ಕ್ಯಾನ್ವಾಸ್, ಗೂಗಲ್ ಕ್ಲಾಸ್‌ರೂಮ್, ಗೂಗಲ್ ಶೀಟ್ಸ್ ಬಳಸುವವರಿಗೆ ಬೇಕಾದದ್ದು ಕೊನೆಯಲ್ಲಿದೆ. ಆದರೆ ಮೊದಲಿನ ಎರಡು ಭಾಗಗಳನ್ನು ಅವರೂ ಬಿಡದೆ ಓದಬೇಕು, ತಪ್ಪಾಗುವುದು ಅಲ್ಲೇ.

ಗ್ರೇಡ್‌ಬುಕ್ಕಿಗೆ ಗೊತ್ತಿರುವುದು ಮೂರೇ

ಗೈರು, ಅಪೂರ್ಣ, ತಡೆಹಿಡಿದದ್ದು, ಶ್ರೋತೃ, ವಿನಾಯಿತಿ ಮುಂತಾದ ಮಾತೆಲ್ಲ ಮನುಷ್ಯರಿಗೆ. ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ ಒಂದು ಖಾನೆ ಮೂರೇ ಬಗೆಯಲ್ಲಿ ಇರಬಲ್ಲದು: ಅಲ್ಲೊಂದು ಸಂಖ್ಯೆ ಇದೆ, ಖಾನೆ ಖಾಲಿ ಇದೆ, ಅಥವಾ ಈ ವಿದ್ಯಾರ್ಥಿಯ ಮಟ್ಟಿಗೆ ಖಾನೆಯೇ ಲೆಕ್ಕಕ್ಕಿಲ್ಲ. ನೀವು ಕೊಡುವ ಪ್ರತಿ ಗುರುತೂ ಕೊನೆಗೆ ಈ ಮೂರರಲ್ಲಿ ಒಂದಾಗಲೇಬೇಕು. ಯಾವುದಾಗಬೇಕೆಂದು ನೀವು ಹೇಳದಿದ್ದರೆ ಸಾಫ್ಟ್‌ವೇರ್ ತಾನೇ ತೀರ್ಮಾನಿಸಿಬಿಡುತ್ತದೆ.

ಒಂದು ಲೆಕ್ಕ ನೋಡಿ. ತಲಾ 20 ಅಂಕದ ಮೂರು ಅಸೈನ್‌ಮೆಂಟ್, 40 ಅಂಕದ ಒಂದು ಕ್ವಿಜ್, ಒಟ್ಟು 100. ಒಬ್ಬ ವಿದ್ಯಾರ್ಥಿನಿಗೆ ಮೊದಲ ಅಸೈನ್‌ಮೆಂಟಿನಲ್ಲಿ 15, ಎರಡನೆಯದರಲ್ಲಿ 16, ಕ್ವಿಜ್‌ನಲ್ಲಿ 30 ಬಂದಿದೆ; ಮೂರನೆಯ ಅಸೈನ್‌ಮೆಂಟ್ ಕೊಟ್ಟಿಲ್ಲ. ಅಲ್ಲಿ ಸೊನ್ನೆ ಹಾಕಿದರೆ 100ಕ್ಕೆ 61. ಲೆಕ್ಕದಿಂದ ಹೊರಗಿಟ್ಟರೆ 80ಕ್ಕೆ 61, ಅಂದರೆ ಶೇ. 76.25. ಖಾಲಿ ಬಿಟ್ಟರೋ? ಅದು 61 ಆಗುವುದೋ 76.25 ಆಗುವುದೋ ಎಂಬುದು ಯಾರೋ ಯಾವತ್ತೋ ಟಿಕ್ ಮಾಡಿದ ಒಂದು ಸೆಟ್ಟಿಂಗಿನ ಮೇಲೆ ನಿಂತಿದೆ. ಹದಿನೈದು ಶೇಕಡಾ ಅಂತರವನ್ನು ಹೀಗೆ ಅದೃಷ್ಟಕ್ಕೆ ಬಿಡುವುದು ಸರಿಯಲ್ಲ.

ಮೊದಲು ಕಾಗದದ ಮೇಲೆ

ಕೋರ್ಸ್ ಶುರುವಾಗುವ ಮುಂಚೆಯೇ ಒಂದು ಪಟ್ಟಿ ಮಾಡಿ, ವಿದ್ಯಾರ್ಥಿಗಳಿಗೆ ಕೊಡುವ ಕೋರ್ಸ್ ವಿವರದಲ್ಲಿ ಸೇರಿಸಿ. ಪ್ರತಿ ಗುರುತಿಗೂ ನಾಲ್ಕು ಪ್ರಶ್ನೆ: ಇದನ್ನು ಯಾರು ಕೊಡಬಹುದು, ಲೆಕ್ಕದಲ್ಲಿ ಇದು ಏನಾಗುತ್ತದೆ, ಯಾವ ದಿನದವರೆಗೆ ಇರುತ್ತದೆ, ಆ ದಿನ ಕಳೆದ ಮೇಲೆ ಏನಾಗಿ ಬದಲಾಗುತ್ತದೆ. ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲದ ಗುರುತನ್ನು ಬಳಸಲೇಬೇಡಿ. ‘ಅಪೂರ್ಣ’ ಎಂದು ಹಾಕಿ ದಿನಾಂಕ ಬರೆಯದಿದ್ದರೆ ಅದು ಮುಂದಿನ ವರ್ಷದ ಗಣಪತಿ ಹಬ್ಬಕ್ಕೂ ಅಪೂರ್ಣವಾಗಿಯೇ ಇರುತ್ತದೆ, ಅಷ್ಟರಲ್ಲಿ ಪಾಠ ಮಾಡಿದವರು ಬೇರೆ ಕಡೆ ಹೋಗಿರುತ್ತಾರೆ.

ಸಾಮಾನ್ಯ ಕೋರ್ಸಿಗೆ ಐದು ಗುರುತು ಸಾಕು. ವಿನಾಯಿತಿ: ಲೆಕ್ಕದಿಂದ ಹೊರಗೆ, ಶಾಶ್ವತ. ಗೈರು: ಸೊನ್ನೆ, ಲೆಕ್ಕದ ಒಳಗೆ. ಅಪೂರ್ಣ: ಸದ್ಯಕ್ಕೆ ಖಾಲಿ, ಇಂಥ ದಿನದ ನಂತರ ಸೊನ್ನೆ. ತಡೆಹಿಡಿದದ್ದು: ಅಂಕ ಇದೆ, ವಿದ್ಯಾರ್ಥಿಗೆ ಕಾಣಿಸದು. ಹಿಂದೆ ಸರಿದವರು: ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಫಲಿತಾಂಶದಲ್ಲಿ ಇಲ್ಲ.

ವಿಶ್ವವಿದ್ಯಾಲಯದ ಕೋರ್ಸಾದರೆ ‘ಗೈರು’ ನಿಮ್ಮ ಇಚ್ಛೆಗೆ ಬಿಟ್ಟದ್ದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ (ಸಿಬಿಸಿಎಸ್) ಹತ್ತು ಅಂಕಗಳ ಶ್ರೇಣಿಯಲ್ಲಿ ಓ ಎಂದರೆ 10, ಎ ಪ್ಲಸ್ 9, ಎ 8, ಹೀಗೆ ಇಳಿದು ಪಿ 4, ಎಫ್ 0. ಅದರ ಕೆಳಗೆ ಪ್ರತ್ಯೇಕವಾಗಿ ಗೈರು, ಅದಕ್ಕೂ 0. ಅಂದರೆ ಗೈರಾದ ವಿಷಯದ ಕ್ರೆಡಿಟ್ ಭಾಗಿಸುವ ಸಂಖ್ಯೆಯಲ್ಲಿ ಉಳಿಯುತ್ತದೆ. ತಲಾ 4 ಕ್ರೆಡಿಟ್‌ನ ನಾಲ್ಕು ವಿಷಯಗಳಲ್ಲಿ 8, 8, 7 ಮತ್ತು ಒಂದು ಗೈರು ಇದ್ದರೆ ಎಸ್‌ಜಿಪಿಎ (ಆ ಸೆಮಿಸ್ಟರಿನ ಗ್ರೇಡ್ ಸರಾಸರಿ) 92 ಭಾಗಿಸು 16, ಅಂದರೆ 5.75. ಗೈರನ್ನು ವಿನಾಯಿತಿ ಎಂದು ಹಾಕಿಬಿಟ್ಟರೆ 92 ಭಾಗಿಸು 12, 7.67. ಒಂದು ಟಿಕ್ ತಪ್ಪಿದರೆ ಆಗುವ ಅನಾಹುತ ಇಷ್ಟು.

ಇಲ್ಲಿನ ಮಕ್ಕಳ ಬಾಯಲ್ಲಿ ಸದಾ ಇರುವ ‘ಕೆಟಿ’ಯನ್ನೂ ಇಲ್ಲೇ ಹೇಳಿಬಿಡಬೇಕು. ಎಟಿಕೆಟಿ ಎಂಬುದು ಬಾಕಿ ವಿಷಯ ಇಟ್ಟುಕೊಂಡೇ ಮುಂದಿನ ಸೆಮಿಸ್ಟರ್‌ಗೆ ಹೋಗಲು ಕೊಡುವ ಅನುಮತಿ. ಅದು ಇಡೀ ಫಲಿತಾಂಶಕ್ಕೆ ಸಂಬಂಧಿಸಿದ್ದು, ತೀರ್ಮಾನಿಸುವುದು ಪರೀಕ್ಷಾ ವಿಭಾಗ. ನಿಮ್ಮ ಕೋರ್ಸಿನ ಗ್ರೇಡ್‌ಬುಕ್ಕಿನ ಯಾವ ಖಾನೆಯಲ್ಲೂ ಅದಕ್ಕೆ ಜಾಗವಿಲ್ಲ.

ಮೂಡಲ್‌ನಲ್ಲಿ ತಳಪಾಯ

ಕೋರ್ಸಿನ ಒಳಗೆ ಗ್ರೇಡ್ಸ್ ಟ್ಯಾಬ್, ಅಲ್ಲಿನ ಡ್ರಾಪ್‌ಡೌನ್‌ನಲ್ಲಿ ಗ್ರೇಡ್‌ಬುಕ್ ಸೆಟಪ್. ಮೇಲಿನ ಸಾಲಿನಲ್ಲಿರುವ ಕೋರ್ಸ್ ಹೆಸರಿನ ಎಡಿಟ್ ಮೆನು ತೆರೆದರೆ ‘ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್’ ಎಂಬ ಚೌಕ ಸಿಗುತ್ತದೆ. ಕಾಣದಿದ್ದರೆ ‘ಶೋ ಮೋರ್’ ಒತ್ತಿ. ಟಿಕ್ ಇದ್ದರೆ ಖಾಲಿ ಖಾನೆ ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ಖಾಲಿ ಎಂದರೆ ಸೊನ್ನೆ. ಕೋರ್ಸ್ ನಡೆಯುತ್ತಿರುವಾಗ ಟಿಕ್ ಇರಲಿ. ಇಲ್ಲದಿದ್ದರೆ ಎರಡನೆಯ ವಾರದಲ್ಲೇ ಎಲ್ಲರಿಗೂ ಶೇ. 18 ಎಂದು ಕಾಣಿಸಿ ಪಾಲಕರ ಫೋನ್ ಶುರುವಾಗುತ್ತದೆ. ಆದರೆ ಈ ಟಿಕ್‌ನ ಇನ್ನೊಂದು ಮುಖವನ್ನು ಮರೆಯಬೇಡಿ: ಒಂದೇ ಅಸೈನ್‌ಮೆಂಟ್ ಕೊಟ್ಟು 20ಕ್ಕೆ 18 ತೆಗೆದು ನಾಪತ್ತೆಯಾದ ಹುಡುಗನ ಒಟ್ಟು ಶೇ. 90 ಎಂದು ತೋರುತ್ತದೆ. ಹಾಗಾಗಿ ಫಲಿತಾಂಶಕ್ಕೆ ಮುಂಚೆ ಖಾಲಿ ಖಾನೆಗಳನ್ನು ಒಂದೊಂದಾಗಿ ತೀರ್ಮಾನಿಸಲೇಬೇಕು. ಆ ಕೆಲಸದ ಕ್ರಮ ಮುಂದೆ ಬರುತ್ತದೆ.

ಮುಂದಿನದು ಒಟ್ಟು ಅಂಕ ತೋರಿಸುವ ರೀತಿ. ಮೂಡಲ್‌ನ ಡಿಫಾಲ್ಟ್ ವಿಧಾನ ‘ನ್ಯಾಚುರಲ್’. ಇದರಲ್ಲಿ ವಿನಾಯಿತಿ ಕೊಟ್ಟ ವಿದ್ಯಾರ್ಥಿಯ ಗರಿಷ್ಠ ಅಂಕವೂ ಕೆಳಗಿಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ವಿದ್ಯಾರ್ಥಿನಿಯ ಒಟ್ಟು 80ಕ್ಕೆ 61. ಆದರೆ ಎಲ್ಲರ ಅಂಕ ಒಟ್ಟಿಗೆ ತೋರಿಸುವ ಗ್ರೇಡರ್ ರಿಪೋರ್ಟಿನ ಖಾನೆಯಲ್ಲಿ ಬರುವುದು ಬರೀ ‘61.00’. ನೂರಕ್ಕೆ 61 ಎಂದೇ ಎಲ್ಲರೂ ಓದುತ್ತಾರೆ, ಹಾಗೇ ಕಚೇರಿಗೆ ಬರೆದು ಕಳುಹಿಸುತ್ತಾರೆ. ವಿನಾಯಿತಿಯನ್ನು ಸರಿಯಾಗಿಯೇ ಕೊಟ್ಟಿದ್ದರೂ ಅದರ ಫಲ ವಿದ್ಯಾರ್ಥಿನಿಗೆ ಸಿಗುವುದಿಲ್ಲ. ಇದನ್ನು ತಪ್ಪಿಸಲು ಗ್ರೇಡ್‌ಬುಕ್ ಸೆಟಪ್‌ನಲ್ಲಿ ಕೋರ್ಸ್ ಟೋಟಲ್‌ನ ‘ಗ್ರೇಡ್ ಡಿಸ್‌ಪ್ಲೇ ಟೈಪ್’ ಅನ್ನು ಪರ್ಸೆಂಟೇಜ್ ಮಾಡಿ, ಅಥವಾ ಅಂಕ ಮತ್ತು ಶೇಕಡಾ ಎರಡೂ ತೋರಿಸುವ ಆಯ್ಕೆ ತೆಗೆದುಕೊಳ್ಳಿ. ಇನ್ನೊಂದು ದಾರಿ ‘ಸಿಂಪಲ್ ವೆಯ್ಟೆಡ್ ಮೀನ್’: ಅದು ಒಟ್ಟನ್ನು ನೂರಕ್ಕೇ ಹೊಂದಿಸಿ 76.25 ಎಂದು ಕೊಡುತ್ತದೆ. ಪಟ್ಟಿಯಲ್ಲಿ ಈ ವಿಧಾನ ಕಾಣದಿದ್ದರೆ ಸೈಟ್ ಅಡ್ಮಿನ್ ಅದನ್ನು ತೆರೆದುಕೊಡಬೇಕು. ಕೋರ್ಸ್ ಅರ್ಧ ನಡೆದ ಮೇಲೆ ಮಾತ್ರ ವಿಧಾನ ಬದಲಿಸಲು ಹೋಗಬೇಡಿ.

ಅಕ್ಷರ ಗ್ರೇಡ್ ಕೊಡುವವರು ‘ಗ್ರೇಡ್ ಲೆಟರ್ಸ್’ ಪುಟವನ್ನು ಒಮ್ಮೆ ನೋಡಲೇಬೇಕು. ಮೂಡಲ್ ಜೊತೆ ಬರುವ ಪಟ್ಟಿಯಲ್ಲಿ 93ಕ್ಕೆ ಎ, 60ಕ್ಕೆ ಡಿ, ಅದಕ್ಕಿಂತ ಕಡಿಮೆ ಎಲ್ಲವೂ ಎಫ್. ನಿಮ್ಮಲ್ಲಿ 40ಕ್ಕೆ ಪಾಸು ಇದ್ದರೆ, 55 ತೆಗೆದವರಿಗೂ ಅದು ಎಫ್ ಎಂದು ತೋರಿಸುತ್ತದೆ. ಓವರ್‌ರೈಡ್ ಚೌಕ ಟಿಕ್ ಮಾಡಿ ನಿಮ್ಮ ಸಂಸ್ಥೆಯ ಪಟ್ಟಿ ತುಂಬಿ. ಅಲ್ಲಿ ‘ಗೈರು’, ‘ಅಪೂರ್ಣ’ ಎಂದು ಸೇರಿಸುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಬೇಡ. ಆ ಪಟ್ಟಿ ಶೇಕಡಾವಾರನ್ನು ಮಾತ್ರ ಓದುತ್ತದೆ. 0ಗೆ ‘ಗೈರು’ ಎಂದು ಕೊಟ್ಟರೆ ಕೂತು ಬರೆದು ಕಡಿಮೆ ಅಂಕ ತೆಗೆದವರೂ ಗೈರಾಗುತ್ತಾರೆ.

ವಿನಾಯಿತಿ ಕೊಡುವುದು

1. ಗ್ರೇಡ್ಸ್ ಡ್ರಾಪ್‌ಡೌನ್‌ನಲ್ಲಿ ಸಿಂಗಲ್ ವ್ಯೂ ಆರಿಸಿ, ಬೇಕಾದ ಅಸೈನ್‌ಮೆಂಟ್ ಅಥವಾ ಕ್ವಿಜ್ ತೆರೆಯಿರಿ. ಎಲ್ಲ ವಿದ್ಯಾರ್ಥಿಗಳ ಎದುರು ಅಂಕ, ಫೀಡ್‌ಬ್ಯಾಕ್, ಓವರ್‌ರೈಡ್, ಎಕ್ಸ್‌ಕ್ಲೂಡ್ ಎಂಬ ಕಾಲಂ ಬರುತ್ತವೆ.
2. ವಿನಾಯಿತಿ ಸಿಗಬೇಕಾದವರ ಎದುರು ಎಕ್ಸ್‌ಕ್ಲೂಡ್ ಮಾತ್ರ ಟಿಕ್ ಮಾಡಿ. ಓವರ್‌ರೈಡ್ ಸದ್ಯಕ್ಕೆ ಮುಟ್ಟಬೇಡಿ, ಅಂಕದ ಖಾನೆ ಖಾಲಿಯೇ ಇರಲಿ.
3. ಫೀಡ್‌ಬ್ಯಾಕ್ ಬರೆಯಬೇಕೆಂದರೆ ಎಕ್ಸ್‌ಕ್ಲೂಡ್ ಉಳಿಸಿದ ಮೇಲೆ ಓವರ್‌ರೈಡ್ ಟಿಕ್ ಮಾಡಿ ಬರೆದು ಇನ್ನೊಮ್ಮೆ ಉಳಿಸಿ, ಅಂಕದ ಖಾನೆ ಆಗಲೂ ಖಾಲಿಯೇ ಇರಲಿ.
4. ಅದೇ ವಿದ್ಯಾರ್ಥಿಯ ಯೂಸರ್ ರಿಪೋರ್ಟ್ ತೆರೆದು ಒಟ್ಟು ಸರಿಯಾಗಿದೆಯೇ ಎಂದು ಕೈಲೆಕ್ಕ ಹಾಕಿ ನೋಡಿ. ಒಬ್ಬರದ್ದು ಸರಿಯಿದ್ದರೆ ಸೆಟ್ಟಿಂಗ್ ಸರಿಯಿದೆ ಎಂದರ್ಥ, ಉಳಿದವರ ಟಿಕ್ ಮಾತ್ರ ಒಮ್ಮೆ ನೋಡಿಕೊಳ್ಳಿ.

ಫೀಡ್‌ಬ್ಯಾಕ್‌ನಲ್ಲಿ ಕಾರಣ ಬರೆಯುವಾಗ ಕಾಯಿಲೆಯ ಹೆಸರು, ಮನೆಯ ವಿಷಯ ಬೇಡ. ಎಕ್ಸ್‌ಪೋರ್ಟ್ ಮಾಡಿದ ಫೈಲಿನ ಜೊತೆ ಅದೂ ಊರೆಲ್ಲ ಸುತ್ತುತ್ತದೆ. ‘ವಿನಾಯಿತಿ, ಜುಲೈ 12ರ ಪತ್ರದ ಆಧಾರದಲ್ಲಿ’ ಎಂದರೆ ಸಾಕು.

‘ನಾಲ್ಕರಲ್ಲಿ ಒಳ್ಳೆಯ ಮೂರು’ ಎಂಬ ನಿಯಮ ಇಟ್ಟು ‘ಡ್ರಾಪ್ ದ ಲೋಯೆಸ್ಟ್’ 1 ಮಾಡಿರುವವರು ಇಲ್ಲಿ ಎಡವುತ್ತಾರೆ. ಒಂದಕ್ಕೆ ವಿನಾಯಿತಿ ಕೊಟ್ಟ ಮೇಲೆ ಉಳಿದ ಮೂರರಲ್ಲೂ ಕಡಿಮೆಯದೊಂದು ಬಿದ್ದುಹೋಗಿ, ಆ ವಿದ್ಯಾರ್ಥಿಯ ಒಟ್ಟು ಎರಡೇ ಅಸೈನ್‌ಮೆಂಟಿನ ಮೇಲೆ ನಿಲ್ಲುತ್ತದೆ. ಡ್ರಾಪ್ ನಿಯಮ ಇರುವಲ್ಲಿ ಮೊದಲ ತಪ್ಪಿಗೆ ವಿನಾಯಿತಿ ಬೇಕಾಗುವುದೇ ಇಲ್ಲ, ಸೊನ್ನೆ ಇದ್ದರೂ ಅದೇ ಬೀಳುತ್ತದೆ. ಕೋರ್ಸ್ ವಿವರದಲ್ಲೇ ಹೀಗೆಂದು ಬರೆದುಬಿಟ್ಟರೆ ಅರ್ಧಕ್ಕರ್ಧ ವಿನಾಯಿತಿ ಅರ್ಜಿಗಳು ಬರುವುದಿಲ್ಲ. ನಮ್ಮ ಮಟ್ಟಿಗೆ, ಮಳೆಗಾಲದಲ್ಲಿ ನಡೆಯುವ ಯಾವ ಕೋರ್ಸಿಗೂ ಡ್ರಾಪ್ ನಿಯಮವೇ ಒಳ್ಳೆಯದು.

ಗೈರಿಗೆ ಸೊನ್ನೆ, ಆದರೆ ಯಾವ ಬಾಗಿಲಿನಿಂದ?

ಸಿಂಗಲ್ ವ್ಯೂನಲ್ಲಿ ‘ಬಲ್ಕ್ ಇನ್ಸರ್ಟ್’ ಎಂಬ ಸೌಲಭ್ಯ ಇದೆ. ಖಾಲಿ ಇರುವ ಎಲ್ಲ ಖಾನೆಗೂ ಒಂದೇ ಏಟಿಗೆ 0 ತುಂಬಬಹುದು. ಅನುಕೂಲ ನೋಡಿ ಕೈ ತುರಿಸುತ್ತದೆ, ಆದರೆ ಗ್ರೇಡ್‌ಬುಕ್ಕಿನ ಬಾಗಿಲಿನಿಂದ ಹಾಕಿದ ಅಂಕಕ್ಕೆ ಓವರ್‌ರಿಡನ್ ಎಂಬ ಮುದ್ರೆ ಬೀಳುತ್ತದೆ. ಆಮೇಲೆ ವಿದ್ಯಾರ್ಥಿ ತಡವಾಗಿ ಅಸೈನ್‌ಮೆಂಟ್ ಸಲ್ಲಿಸಿ, ನೀವು ಅಸೈನ್‌ಮೆಂಟ್ ಪುಟದಲ್ಲಿ 14 ಕೊಟ್ಟರೂ ಗ್ರೇಡ್‌ಬುಕ್ಕಿನಲ್ಲಿ ಸೊನ್ನೆಯೇ ಕೂತಿರುತ್ತದೆ. ‘ಅಂಕ ಕೊಟ್ಟಿದ್ದೇನೆ, ನೋಡಮ್ಮ’ ಎಂದು ನೀವು, ‘ನನಗೆ ಸೊನ್ನೆಯೇ ಕಾಣ್ತಿದೆ ಮೇಡಂ’ ಎಂದು ಅವಳು. ಇಬ್ಬರೂ ಸರಿ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಪಠ್ಯದ) ಫೈಲಿನಿಂದ ಇಂಪೋರ್ಟ್ ಮಾಡಿದ ಅಂಕಕ್ಕೂ ಇದೇ ಗತಿ. ಸಿಂಗಲ್ ವ್ಯೂಗೆ ಹೋಗಿ ಓವರ್‌ರೈಡ್ ಟಿಕ್ ತೆಗೆದು ಉಳಿಸಿದರೆ ಚಟುವಟಿಕೆಯ (ಅಸೈನ್‌ಮೆಂಟ್ ಅಥವಾ ಕ್ವಿಜ್‌ನ) ಅಂಕ ಮತ್ತೆ ಹರಿದುಬರುತ್ತದೆ.

ಅಸೈನ್‌ಮೆಂಟ್‌ಗಾದರೆ ಸೊನ್ನೆಯನ್ನು ಅದರ ಸಬ್ಮಿಷನ್ಸ್ ಪುಟದಲ್ಲೇ ಹಾಕಿ. ‘ಕ್ವಿಕ್ ಗ್ರೇಡಿಂಗ್’ ಆನ್ ಮಾಡಿದರೆ ಪಟ್ಟಿಯಲ್ಲೇ ಟೈಪ್ ಮಾಡುತ್ತ ಹೋಗಬಹುದು. ಹೀಗೆ ಹಾಕಿದ ಸೊನ್ನೆ ನಾಳೆ ಬದಲಿಸಿದರೆ ಗ್ರೇಡ್‌ಬುಕ್ಕಿನಲ್ಲೂ ಬದಲಾಗುತ್ತದೆ. ಕ್ವಿಜ್‌ಗೆ ಈ ದಾರಿ ಇಲ್ಲ, ಬರೆಯದವರಿಗೆ ಗ್ರೇಡ್‌ಬುಕ್ಕಿನಿಂದಲೇ ಹಾಕಬೇಕು. ಆದ್ದರಿಂದ ಕ್ವಿಜ್‌ನ ಸೊನ್ನೆಗಳನ್ನು ಮರುಪರೀಕ್ಷೆಯೆಲ್ಲ ಮುಗಿದ ಮೇಲೇ ಹಾಕಿ.

ಕ್ರಮವೂ ಮುಖ್ಯ. ಮೊದಲು ವಿನಾಯಿತಿಗಳು, ಆಮೇಲೆ ಅಪೂರ್ಣಗಳು, ಕೊನೆಗೆ ಉಳಿದ ಖಾಲಿಗಳಿಗೆ ಸೊನ್ನೆ. ತಿರುವುಮುರುವಾದರೆ ವಿನಾಯಿತಿ ಪಡೆದವರ ಖಾನೆಗೂ 0 ಬಿದ್ದಿರುತ್ತದೆ. ಎಕ್ಸ್‌ಕ್ಲೂಡ್ ಟಿಕ್ ಇದ್ದರೆ ಒಟ್ಟಿಗೆ ಪೆಟ್ಟಿಲ್ಲ ನಿಜ, ಆದರೆ ತನ್ನ ಪುಟದಲ್ಲಿ ಸೊನ್ನೆ ನೋಡಿದ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ ಅದನ್ನು ವಿವರಿಸುವವರು ಯಾರು?

ಅಪೂರ್ಣ ಎಂಬ ತಾತ್ಕಾಲಿಕ ಸ್ಥಿತಿ

ಮೂಡಲ್‌ನಲ್ಲಿ ಇದಕ್ಕೆ ಸಿದ್ಧ ಗುಂಡಿ ಇಲ್ಲ. ಪ್ರತ್ಯೇಕ ‘ಸ್ಥಿತಿ’ ಕಾಲಂ ಮಾಡಿಕೊಳ್ಳುವುದೇ ನೇರ ದಾರಿ.

ಗ್ರೇಡ್ಸ್ ಮೆನುವಿನ ಸ್ಕೇಲ್ಸ್ ಪುಟದಲ್ಲಿ ಹೊಸ ಸ್ಕೇಲ್ ಸೇರಿಸಿ. ಹೆಸರು ‘ಕೋರ್ಸ್ ಸ್ಥಿತಿ’. ಸ್ಕೇಲ್ ಖಾನೆಯಲ್ಲಿ ಅಲ್ಪವಿರಾಮ ಹಾಕಿ, ಕೆಳಗಿನಿಂದ ಮೇಲಿನ ಕ್ರಮದಲ್ಲಿ ಬರೆಯಿರಿ: ಹಿಂದೆ ಸರಿದಿದ್ದಾರೆ, ತಡೆಹಿಡಿದಿದೆ, ಅಪೂರ್ಣ, ಪೂರ್ಣ. ಒಂದೇ ಗುರುತಿನ ಒಳಗೆ ಅಲ್ಪವಿರಾಮ ಬಂದರೆ ಅದು ಎರಡಾಗಿ ಒಡೆಯುತ್ತದೆ. ಈ ಪದಗಳು ಒಳಗೆ 1, 2, 3, 4 ಎಂಬ ಸ್ಥಾನಗಳಾಗಿ ಉಳಿಯುವುದರಿಂದ ಬಳಕೆಗೆ ತಂದ ಮೇಲೆ ಅನುಕ್ರಮ ಬದಲಿಸುವ ಯೋಚನೆ ಬೇಡ. ಬಳಕೆಯಲ್ಲಿರುವ ಸ್ಕೇಲ್ ಅಳಿಸಲೂ ಬರುವುದಿಲ್ಲ. ಆದ್ದರಿಂದ ಮೊದಲೇ ಯೋಚಿಸಿ ಬರೆಯಿರಿ.

ಈಗ ಗ್ರೇಡ್‌ಬುಕ್ ಸೆಟಪ್‌ನಲ್ಲಿ ‘ಆ್ಯಡ್ ಗ್ರೇಡ್ ಐಟಂ’. ಗ್ರೇಡ್ ಟೈಪ್ ಸ್ಕೇಲ್, ಸ್ಕೇಲ್ ನಿಮ್ಮ ‘ಕೋರ್ಸ್ ಸ್ಥಿತಿ’. ಉಳಿಸಿದ ಕೂಡಲೇ ಅದರ ವೆಯ್ಟ್ ಪಕ್ಕದ ಚೌಕ ಟಿಕ್ ಮಾಡಿ 0 ಬರೆಯಿರಿ. ಇದನ್ನು ಮರೆತರೆ ‘ಅಪೂರ್ಣ’ ಎಂಬ ಗುರುತೂ ಒಂದು ಅಂಕವಾಗಿ ಒಟ್ಟಿಗೆ ಸೇರಿಕೊಳ್ಳಬಹುದು.

ಬಾಕಿ ಇರುವ ಕೆಲಸದ ಖಾನೆಯನ್ನು ಖಾಲಿ ಬಿಡಿ. ಸ್ಥಿತಿ ಕಾಲಂನಲ್ಲಿ ‘ಅಪೂರ್ಣ’ ಆರಿಸಿ, ಅದರ ಫೀಡ್‌ಬ್ಯಾಕ್‌ನಲ್ಲಿ ಹೀಗೆ ಬರೆಯಿರಿ: ‘ಅಸೈನ್‌ಮೆಂಟ್ 3 ಬಾಕಿ. ಆಗಸ್ಟ್ 30, ರಾತ್ರಿ 11.59ರೊಳಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಆ ಕೆಲಸಕ್ಕೆ 0 ದಾಖಲಾಗುತ್ತದೆ.’ ಏನು, ಯಾವಾಗ, ಇಲ್ಲದಿದ್ದರೆ ಏನು ಎಂಬ ಮೂರು ಮಾತೂ ಬಂದಿರಬೇಕು.

ಬರೆದರೆ ಸಾಲದು, ಬಾಗಿಲೂ ತೆರೆದಿರಬೇಕು. ಅಸೈನ್‌ಮೆಂಟಿನ ಕಟ್-ಆಫ್ ದಿನ ಮುಗಿದಿದ್ದರೆ ವಿದ್ಯಾರ್ಥಿಗೆ ಸಲ್ಲಿಸುವ ಗುಂಡಿಯೇ ಕಾಣಿಸದು. ಸಬ್ಮಿಷನ್ಸ್ ಪುಟದಲ್ಲಿ ಆ ಹೆಸರಿನ ಎದುರಿನ ಮೆನುವಿನಿಂದ ‘ಗ್ರಾಂಟ್ ಎಕ್ಸ್‌ಟೆನ್ಷನ್’ ಕೊಟ್ಟು ಅದೇ ದಿನಾಂಕ ಹಾಕಿ. ಕ್ವಿಜ್‌ಗಾದರೆ ಯೂಸರ್ ಓವರ್‌ರೈಡ್: ಮುಚ್ಚುವ ಸಮಯ, ಅವಧಿ, ಎಷ್ಟು ಸಲ ಬರೆಯಬಹುದು ಎಂಬುದನ್ನು ಒಬ್ಬರಿಗೇ ಬೇರೆಯಾಗಿ ಕೊಡಬಹುದು. ನೆಟ್‌ವರ್ಕ್ ಹೋಗಿ ಅರ್ಧಕ್ಕೆ ನಿಂತವರಿಗೆ ಇನ್ನೊಂದು ಅವಕಾಶ ಕೊಡುವಾಗ ಕ್ವಿಜ್‌ನ ಗ್ರೇಡಿಂಗ್ ಮೆಥಡ್ ನೋಡಿಕೊಳ್ಳಿ. ಅದು ‘ಆವರೇಜ್’ ಆಗಿದ್ದರೆ ಅರ್ಧಕ್ಕೆ ನಿಂತ ಸಲದ 6, ಎರಡನೆಯ ಸಲದ 32 ಸೇರಿ 40ಕ್ಕೆ 19 ಆಗುತ್ತದೆ. ‘ಹೈಯೆಸ್ಟ್’ ಅಥವಾ ‘ಲಾಸ್ಟ್’ ಇದ್ದರೆ ತೊಂದರೆಯಿಲ್ಲ.

ದಿನ ತುಂಬಿದ ಮರುದಿನ ಸ್ಥಿತಿ ಕಾಲಂ ತೆರೆದು ‘ಅಪೂರ್ಣ’ ಇರುವವರನ್ನೆಲ್ಲ ಒಂದೋ ಅಂಕಕ್ಕೆ, ಒಂದೋ ಸೊನ್ನೆಗೆ ಇಳಿಸಿ, ಸ್ಥಿತಿಯನ್ನು ‘ಪೂರ್ಣ’ ಮಾಡಿ. ಕ್ಯಾಲೆಂಡರಿನಲ್ಲಿ ಜ್ಞಾಪನೆ ಇಟ್ಟುಕೊಳ್ಳಿ, ಮೂಡಲ್ ತಾನಾಗಿ ಈ ಕೆಲಸ ಮಾಡುವುದಿಲ್ಲ. ದಿನಾಂಕ ಕೊಡುವಾಗ ಗಣೇಶೋತ್ಸವದ ಹತ್ತು ದಿನ ತಪ್ಪಿಸಿ. ವಿಸರ್ಜನೆಯ ದಿನ ಪುಣೆಯಲ್ಲಾಗಲಿ ಮುಂಬಯಿಯಲ್ಲಾಗಲಿ ಯಾರೂ ಲ್ಯಾಪ್‌ಟಾಪ್ ಮುಂದೆ ಕೂರುವುದಿಲ್ಲ. ಗೋವಾದವರಿಗೆ ಚವತಿಯೆಂದರೆ ಊರೇ ಖಾಲಿ. ಮೇ ತಿಂಗಳಲ್ಲಿ ಅರ್ಧ ತರಗತಿ ಉಡುಪಿ, ಮಂಗಳೂರು, ಧಾರವಾಡದ ಕಡೆ ಊರಿಗೆ ಹೋಗಿರುತ್ತದೆ ಎಂಬುದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ತಡೆಹಿಡಿದ ಅಂಕ ಸೋರುವುದು

ನಕಲಿನ ಅನುಮಾನ, ಶುಲ್ಕದ ಬಾಕಿ, ಇನ್ನೊಬ್ಬರ ಮೌಲ್ಯಮಾಪನ ಬಾಕಿ, ಹೀಗೆ ಯಾವುದೋ ಕಾರಣಕ್ಕೆ ಅಂಕ ತೋರಿಸಬಾರದೆಂದಿದ್ದರೆ ಗ್ರೇಡರ್ ರಿಪೋರ್ಟಿನಲ್ಲಿ ಎಡಿಟ್ ಮೋಡ್ ಆನ್ ಮಾಡಿ, ಆ ಖಾನೆಯ ಮೆನುವಿನಿಂದ ಹೈಡ್ ಮಾಡಿ. ‘ಹಿಡನ್ ಅಂಟಿಲ್’ ಕೊಟ್ಟರೆ ಆ ದಿನ ತಾನಾಗಿ ತೆರೆದುಕೊಳ್ಳುತ್ತದೆ.

ಅಂಕ ಮುಚ್ಚಿದ್ದೀರಿ, ಒಟ್ಟು? ಒಟ್ಟು ಕಾಣುತ್ತಿದ್ದು ಅದರಲ್ಲಿ ಮುಚ್ಚಿದ ಅಂಕವೂ ಸೇರಿದ್ದರೆ, ಮೂರನೇ ಕ್ಲಾಸಿನ ಕಳೆಯುವ ಲೆಕ್ಕ ಬರುವ ಯಾರೂ ಅದನ್ನು ಕಂಡುಹಿಡಿಯುತ್ತಾರೆ. ಕೋರ್ಸ್ ಗ್ರೇಡ್ ಸೆಟ್ಟಿಂಗ್ಸ್‌ನ ಯೂಸರ್ ರಿಪೋರ್ಟ್ ವಿಭಾಗದಲ್ಲಿ ಮುಚ್ಚಿದ ಅಂಶಗಳಿರುವ ಒಟ್ಟನ್ನು ಏನು ಮಾಡಬೇಕೆಂಬ ಸೆಟ್ಟಿಂಗ್ ಇದೆ: ಒಟ್ಟನ್ನೂ ಮುಚ್ಚು, ಮುಚ್ಚಿದ್ದನ್ನು ಬಿಟ್ಟು ತೋರಿಸು, ಸೇರಿಸಿ ತೋರಿಸು. ಮೊದಲನೆಯದೇ ಕ್ಷೇಮ. ಎರಡನೆಯದರಲ್ಲಿ ವಿದ್ಯಾರ್ಥಿ ನೋಡುವ ಒಟ್ಟು, ನೀವು ನೋಡುವ ಒಟ್ಟು ಬೇರೆಯಾಗಿ ಹೊಸ ಗೊಂದಲ.

ಇಡೀ ತರಗತಿಯ ಅಂಕವನ್ನು ಒಟ್ಟಿಗೆ ಬಿಡುಗಡೆ ಮಾಡುವುದಾದರೆ ಹೈಡ್‌ಗಿಂತ ಅಸೈನ್‌ಮೆಂಟಿನ ‘ಮಾರ್ಕಿಂಗ್ ವರ್ಕ್‌ಫ್ಲೋ’ ಮೇಲು. ‘ರಿಲೀಸ್ಡ್’ ಎಂದು ಮಾಡುವವರೆಗೂ ಅಂಕ ಗ್ರೇಡ್‌ಬುಕ್ಕಿಗೆ ಬರುವುದೇ ಇಲ್ಲ, ಸೋರುವ ಪ್ರಶ್ನೆಯೂ ಇಲ್ಲ.

ಹಿಂದೆ ಸರಿದವರು, ಕೇಳಲು ಬಂದವರು

ಕೋರ್ಸ್ ಬಿಟ್ಟವರನ್ನು ಅನ್‌ಎನ್‌ರೋಲ್ ಮಾಡಬೇಡಿ. ಪಾರ್ಟಿಸಿಪೆಂಟ್ಸ್ ಪುಟದಲ್ಲಿ ಸಸ್ಪೆಂಡ್ ಮಾಡಿ. ಪಿಂಪ್ರಿ-ಚಿಂಚ್‌ವಡ್‌ನಲ್ಲಿ ಪಾಳಿ ಬದಲಾಗಿ ಬಿಟ್ಟವರು ಮುಂದಿನ ತಿಂಗಳು ಪಾಳಿ ತಿರುಗಿದಾಗ ವಾಪಸ್ ಬರುವುದುಂಟು, ಆಗ ಹಳೆಯ ಅಂಕ ಇದ್ದಲ್ಲೇ ಇರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಸಸ್ಪೆಂಡ್ ಆದವರನ್ನು ಬಿಡುವ ಆಯ್ಕೆ ಇದೆ.

ಪರೀಕ್ಷೆ ಬೇಡ, ಪಾಠ ಕೇಳಿದರೆ ಸಾಕು ಎನ್ನುವವರನ್ನು ‘ಶ್ರೋತೃಗಳು’ ಎಂಬ ಗ್ರೂಪಿಗೆ ಸೇರಿಸಿ. ಗ್ರೇಡರ್ ರಿಪೋರ್ಟನ್ನು ಗ್ರೂಪ್ ಪ್ರಕಾರ ನೋಡಬಹುದು, ಸೊನ್ನೆ ತುಂಬುವಾಗ ಇವರನ್ನು ತಪ್ಪಿಸಬಹುದು.

ಬೀಗ, ಮತ್ತು ಕಚೇರಿಗೆ ಕಳುಹಿಸುವ ಫೈಲು

ಎಲ್ಲ ತೀರ್ಮಾನ ಆದ ಮೇಲೆ ಅಂಕಗಳನ್ನು ಲಾಕ್ ಮಾಡಿ. ಲಾಕ್ ಆದ ಖಾನೆಗೆ ಚಟುವಟಿಕೆಯಿಂದ ಹೊಸ ಅಂಕ ಬರುವುದಿಲ್ಲ. ಫಲಿತಾಂಶ ಕಳುಹಿಸಿದ ವಾರದ ನಂತರ ಯಾರೋ ಒಬ್ಬರ ಹಳೆಯ ಕ್ವಿಜ್ ಉತ್ತರ ತಿದ್ದಿದ್ದರಿಂದ ಒಟ್ಟು ಬದಲಾಗುವ ಪ್ರಸಂಗ ಹೀಗೆ ತಪ್ಪುತ್ತದೆ. ಯಾವ ಅಂಕವನ್ನು ಯಾರು, ಯಾವಾಗ ಬದಲಿಸಿದರು ಎಂಬುದು ‘ಗ್ರೇಡ್ ಹಿಸ್ಟರಿ’ಯಲ್ಲಿ ಸಿಗುತ್ತದೆ, ತಕರಾರು ಬಂದರೆ ಮೊದಲು ನೋಡಬೇಕಾದ್ದು ಅದನ್ನೇ.

ಎಕ್ಸ್‌ಪೋರ್ಟ್‌ನಲ್ಲಿ ಎಕ್ಸೆಲ್ ಆಯ್ಕೆ ಮಾಡಿ, ಪ್ಲೇನ್ ಟೆಕ್ಸ್ಟ್ ಬೇಡ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಹೆಸರು, ಕನ್ನಡ ಗುರುತುಗಳೆಲ್ಲ ಕಲಸುಮೇಲೋಗರವಾಗಿ ಬರುವುದೇ ಹೆಚ್ಚು. ಸಿಎಸ್‌ವಿಯೇ ಬೇಕಾದರೆ ಡೇಟಾ ಮೆನುವಿನಿಂದ ತೆರೆದು ಯುಟಿಎಫ್-8 ಎಂದು ಆರಿಸಿ. ‘ಇನ್‌ಕ್ಲೂಡ್ ಫೀಡ್‌ಬ್ಯಾಕ್’ ಟಿಕ್ ಮಾಡದಿದ್ದರೆ ಅಪೂರ್ಣದ ದಿನಾಂಕಗಳು ಫೈಲಿಗೆ ಬರುವುದಿಲ್ಲ. ಅಂಕದ ಜೊತೆ ಶೇಕಡಾ ಕಾಲಂ ಕೂಡ ಸೇರಿಸಿ. ಇಲ್ಲದಿದ್ದರೆ 80ಕ್ಕೆ 61 ಮತ್ತೆ ಬರೀ 61 ಆಗಿ ಹೋಗುತ್ತದೆ.

ಹೊರಗೆ ತಿದ್ದಿದ ಫೈಲನ್ನು ವಾಪಸ್ ಹಾಕುವಾಗ ಅಂಕದ ಕಾಲಂನಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಇರಬಾರದು. ಒಂದೇ ಒಂದು ‘ಎಬಿ’ ಇದ್ದರೂ ಅಂಕ ಸರಿಯಿಲ್ಲವೆಂದು ಇಂಪೋರ್ಟ್ ನಿಲ್ಲುತ್ತದೆ. ವಿದ್ಯಾರ್ಥಿಯನ್ನು ಗುರುತಿಸಲು ಐಡಿ ನಂಬರ್ ಅಥವಾ ಇಮೇಲ್ ಬಳಸಿ. ಹೆಸರು ನಂಬಿದರೆ ಒಂದೇ ತರಗತಿಯ ಇಬ್ಬರು ಶೆಟ್ಟರು ಅದಲುಬದಲಾಗುತ್ತಾರೆ.

ಬೇರೆ ವೇದಿಕೆಗಳಲ್ಲಿ

ಕ್ಯಾನ್ವಾಸ್‌ನಲ್ಲಿ ಕೆಲಸ ಸುಲಭ. ಖಾನೆಯಲ್ಲಿ ಇಂಗ್ಲಿಷಿನ ಇ, ಎಕ್ಸ್ ಎರಡಕ್ಷರ ಟೈಪ್ ಮಾಡಿದರೆ ಅದೇ ವಿನಾಯಿತಿ, ಒಟ್ಟಿನಿಂದ ತಾನಾಗಿ ಹೊರಗೆ. ‘ವ್ಯೂ ಅನ್‌ಗ್ರೇಡೆಡ್ ಆ್ಯಸ್ ಜೀರೊ’ ಎಂಬುದನ್ನು ನಂಬಿ ಕೂರಬೇಡಿ, ಅದು ಶಿಕ್ಷಕರ ಪರದೆಗೆ ಮಾತ್ರ. ವಿದ್ಯಾರ್ಥಿಗೆ ಹಳೆಯ ಒಟ್ಟೇ ಕಾಣುತ್ತಿರುತ್ತದೆ. ಮಿಸ್ಸಿಂಗ್ ಕೆಲಸಗಳಿಗೆ ತಾನಾಗಿ ಸೊನ್ನೆ ಹಾಕುವ ನಿಯಮವನ್ನು ಕೋರ್ಸಿನ ಮಧ್ಯದಲ್ಲಿ ಆನ್ ಮಾಡಿದರೆ ಹಿಂದಿನವಕ್ಕೂ ಅನ್ವಯವಾಗುತ್ತದೆ, ಆದ್ದರಿಂದ ವಿನಾಯಿತಿಗಳನ್ನು ಮೊದಲು ಹಾಕಿ. ಕಾಗದದ ಮೇಲೆ ಸಲ್ಲಿಸುವ ಕೆಲಸಗಳಿಗೆ ಆ ನಿಯಮ ಕೆಲಸ ಮಾಡುವುದಿಲ್ಲ. ಗೂಗಲ್ ಕ್ಲಾಸ್‌ರೂಮ್‌ನಲ್ಲೂ ಅಂಕದ ಖಾನೆಯ ಮೆನುವಿನಲ್ಲಿ ‘ಎಕ್ಸ್‌ಕ್ಯೂಸ್ಡ್’ ಇದೆ.

ವಾರಾಂತ್ಯದ ತರಗತಿಗಳಲ್ಲಿ ಹೆಚ್ಚಿನವರ ಗ್ರೇಡ್‌ಬುಕ್ ಎಂದರೆ ಒಂದು ಗೂಗಲ್ ಶೀಟ್. ಅಲ್ಲಿ ಬೇರೆಯದೇ ಬಲೆ ಇದೆ. ಖಾನೆಯಲ್ಲಿ ‘ಗೈರು’ ಎಂದು ಬರೆದರೆ ಆವರೇಜ್ ಫಾರ್ಮುಲಾ ಅಕ್ಷರವನ್ನು ದಾಟಿ ಉಳಿದ ಸಂಖ್ಯೆಗಳ ಸರಾಸರಿ ಮಾತ್ರ ತೆಗೆಯುತ್ತದೆ. ಪರೀಕ್ಷೆಗೆ ಬಾರದವರಿಗೆ ನಿಮಗೇ ಗೊತ್ತಿಲ್ಲದೆ ವಿನಾಯಿತಿ ಸಿಕ್ಕಿತು! ಕೊನೆಯಲ್ಲಿ ಎ ಸೇರಿಸಿದ ‘ಆವರೇಜ್‌ಎ’ ಬಳಸಿದರೆ ಅದೇ ‘ಗೈರು’ 0 ಆಗುತ್ತದೆ, ಆದರೆ ‘ವಿನಾಯಿತಿ’ ಎಂದು ಬರೆದ ಖಾನೆಯೂ 0 ಆಗುತ್ತದೆ. ಖಾನೆಗಳನ್ನು ಪ್ಲಸ್ ಚಿಹ್ನೆಯಿಂದ ಕೂಡಿಸಿದರೆ ನೇರವಾಗಿ ಎರರ್. ನಿಜ ಹೇಳಬೇಕೆಂದರೆ ಮೂರರಲ್ಲಿ ಪ್ರಾಮಾಣಿಕವಾದದ್ದು ಅದೇ.

ಶೀಟ್‌ನಲ್ಲಿ ಪ್ರತಿ ಪರೀಕ್ಷೆಗೂ ಎರಡು ಕಾಲಂ ಮಾಡಿ. ಒಂದರಲ್ಲಿ ಸಂಖ್ಯೆ ಮಾತ್ರ, ಗೈರಿಗೆ 0, ವಿನಾಯಿತಿಗೆ ಖಾಲಿ. ಇನ್ನೊಂದರಲ್ಲಿ ಸ್ಥಿತಿ, ಡೇಟಾ ವ್ಯಾಲಿಡೇಷನ್‌ನ ಡ್ರಾಪ್‌ಡೌನ್ ಮೂಲಕ, ಯಾರೂ ‘ಗೈರ್’ ‘ಗೈರುಹಾಜರಿ’ ಎಂದು ತಮಗೆ ತೋಚಿದಂತೆ ಬರೆಯದ ಹಾಗೆ. ಪ್ರತಿ ಪರೀಕ್ಷೆಯ ಗರಿಷ್ಠ ಅಂಕ ಮೇಲಿನ ಸಾಲಿನಲ್ಲಿರಲಿ. ಶೇಕಡಾ ಬೇಕೆಂದಾಗ ಪಡೆದ ಅಂಕಗಳ ಮೊತ್ತವನ್ನು ಸ್ಥಿತಿ ‘ವಿನಾಯಿತಿ’ ಅಲ್ಲದ ಪರೀಕ್ಷೆಗಳ ಗರಿಷ್ಠ ಅಂಕದ ಮೊತ್ತದಿಂದ ಭಾಗಿಸಿ. ಸಮ್‌ಇಫ್ ಈ ಕೆಲಸಕ್ಕೆ ಸಾಕು. ‘ಅಪೂರ್ಣ’ ಇರುವವರ ಶೇಕಡಾ ಖಾನೆಯಲ್ಲಿ ಸಂಖ್ಯೆಯ ಬದಲು ‘ಬಾಕಿ’ ಎಂದೇ ಬರುವಂತೆ ಒಂದು ಇಫ್ ಸೇರಿಸಿಬಿಟ್ಟರೆ, ಅರ್ಧಂಬರ್ಧ ಒಟ್ಟನ್ನು ಸರ್ಟಿಫಿಕೇಟಿಗೆ ಏರಿಸಲು ಯಾರಿಗೂ ಆಗುವುದಿಲ್ಲ.